ನಾಲ್ಕು ಸಾವಿರ ಪುಸ್ತಕ ಏರಿಸಿದೆ, ಹುಡುಕಿದರೆ ಒಂದೂ ಇಲ್ಲ

ನೀರ್ಚಾಲು ಮಾಷ್ಟ್ರು:
ನಮ್ಮ ಊರಿನ ವಾಚನಾಲಯಕ್ಕೆ ಕೋಹಾ ಅಂತ ಪುಸ್ತಕದ ಲೆಕ್ಕ ಇಡುವ ಸಾಫ್ಟ್‌ವೇರ್ ಹಾಕಿದ್ದೇವೆ. ಎಕ್ಸೆಲ್ ಪಟ್ಟಿಯನ್ನು ಮಾರ್ಕ್‌ಎಡಿಟ್ ಎಂಬ ಪ್ರೋಗ್ರಾಂನಲ್ಲಿ ಕೋಹಾಕ್ಕೆ ಬೇಕಾದ ರೂಪಕ್ಕೆ ತಿರುಗಿಸಿ 4,312 ಪುಸ್ತಕ ಏರಿಸಿದೆ. ಎಲ್ಲಾ ಆಯಿತು ಅಂತ ಬಂತು. ರಿಪೋರ್ಟ್ ತೆಗೆದರೆ ಲೆಕ್ಕವೂ ಸರಿ ಉಂಟು. ಹುಡುಕಿದರೆ ಮಾತ್ರ ಒಂದೂ ಬರುವುದಿಲ್ಲ. ಮೊದಲು ಕೈಯಲ್ಲೇ ಸೇರಿಸಿದ್ದ 60 ಪುಸ್ತಕ ಸಿಗುತ್ತವೆ. ಮುಂದಿನ ತಿಂಗಳು ಗ್ರೇಡೇಶನ್‌ಗೆ, ಅಂದರೆ ವಾಚನಾಲಯಕ್ಕೆ ದರ್ಜೆ ಕೊಡಲು, ಬರುತ್ತಾರೆ. ಯಾರಿಗಾದರೂ ಹೀಗೆ ಆಗಿತ್ತಾ? ಏನು ಮಾಡಿದಿರಿ?

ಬದಿಯಡ್ಕದವ:
ಮಾಷ್ಟ್ರೇ, ಇದರಲ್ಲಿ ಬೆಂದು ಹೋದವನು ನಾನು. ಕೇಳಿ. ನಾನೂ ಸ್ಟೇಜ್ ಮಾಡಿ, ಆಯಿತು ಅಂತ ಬಂದ ಕೂಡಲೇ ಕಂಪ್ಯೂಟರ್ ಮುಚ್ಚಿ ಮನೆಗೆ ಹೋದೆ. ಸ್ಟೇಜ್ ಅಂದರೆ ಮೂಟೆಯನ್ನು ಜಗಲಿಯಲ್ಲಿ ಇಳಿಸಿದ ಹಾಗೆ, ಅಷ್ಟೇ. ಆಮೇಲೆ ಸ್ಟೇಜ್ ಆದದ್ದರ ಪಟ್ಟಿಗೆ ಹೋಗಿ, ಆ ಗುಂಪನ್ನು ಕ್ಯಾಟಲಾಗಿಗೆ ಇಂಪೋರ್ಟ್ ಮಾಡುವ ಬಟನ್ ಬೇರೆಯೇ ಒತ್ತಬೇಕು. ಇದು ಗೊತ್ತಾಗಲು ನನಗೆ 19 ದಿನ ಹಿಡಿಯಿತು. ಮಂಗಳೂರಿನಿಂದ ಒಬ್ಬರನ್ನು ಎರಡು ಸಲ ಕರೆಸಿದೆ. ಒಂದು ಸಲಕ್ಕೆ 2,500, ಬಸ್ಸು ಬೇರೆ, ಊಟ ಬೇರೆ. ಎರಡನೇ ಸಲ ಮೀನಿನ ಊಟವೇ ಬೇಕು ಅಂದರು. ಅವರೂ ಆ ಬಟನ್ ನೋಡಲಿಲ್ಲ! ಕೊನೆಗೆ ಕಂಡುಹಿಡಿದದ್ದು ಪ್ಲಸ್ ಟು ಓದುವ ನನ್ನ ತಂಗಿಯ ಮಗ.

ಅಷ್ಟಕ್ಕೇ ಮುಗಿಯಲಿಲ್ಲ. ಪುಸ್ತಕದ ಹೆಸರು ಬಂತು, ಕೆಳಗೆ ಪ್ರತಿ ಒಂದೂ ಇಲ್ಲ. ಪ್ರತಿಯ ವಿವರ ಹಾಕುವ 952ನೇ ಫೀಲ್ಡಿನಲ್ಲಿ ನಾನು ಹಾಕಿದ ಶಾಖೆಯ ಕೋಡ್ ಕೋಹಾದಲ್ಲಿ ಇರಲೇ ಇಲ್ಲ. ಒಂದು ಅಕ್ಷರ ಆಚೀಚೆ. ಅದಕ್ಕೆ ಮತ್ತೆ ನಾಲ್ಕು ದಿನ. ಕೋಹಾ ಅಂದರೆ ಮಾವೋರಿ ಭಾಷೆಯಲ್ಲಿ ಉಡುಗೊರೆ ಅಂತೆ. ಆ ಉಡುಗೊರೆಗೆ ನನ್ನ ಕಿಸೆಯಿಂದ ಹೋದದ್ದು 6,870 ರೂಪಾಯಿ. ಚೀಟಿ ಎಲ್ಲಾ ಇಟ್ಟಿದ್ದೇನೆ.

ಉಪ್ಪಳ ಟೀಚರ್:
ನಿಮ್ಮದು ಆರು ಸಾವಿರ, ನಮ್ಮದು ಹದಿನೆಂಟು. ಪುಸ್ತಕ ಒಂದಕ್ಕೆ 3 ರೂಪಾಯಿಯಂತೆ 6,000 ಪುಸ್ತಕ ಟೈಪ್ ಮಾಡಿಸಿದೆವು. ಹುಡುಗ ಎಲ್ಲವನ್ನೂ ಹಳೇ ನುಡಿ ಫಾಂಟಿನಲ್ಲಿ ಹೊಡೆದಿದ್ದ. ಅವನ ಕಂಪ್ಯೂಟರಿನಲ್ಲಿ ಚಂದ ಕನ್ನಡ. ಕೋಹಾಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರದ ತಲೆಗೆ ಕೊಂಬು, ಬಾಲ ಬಂದ ಹಾಗೆ. ಯೂನಿಕೋಡಿಗೆ ತಿರುಗಿಸಿದೆವು. ಅರ್ಕಾವತ್ತು ಇದ್ದಲ್ಲೆಲ್ಲ ತಪ್ಪು. ಆಮೇಲೆ ಎಕ್ಸೆಲ್‌ನಿಂದ ಸುಮ್ನೆ ಸಿಎಸ್‌ವಿ ಅಂತ ಸೇವ್ ಮಾಡಿದೆ, ಕನ್ನಡ ಪೂರ್ತಿ ಪ್ರಶ್ನೆ ಚಿಹ್ನೆ! ಸಿಎಸ್‌ವಿ ಯುಟಿಎಫ್-8 ಅಂತಲೇ ಆರಿಸಬೇಕು. ಬಾರ್‌ಕೋಡಿನ ಮುಂದಿನ ಸೊನ್ನೆಗಳನ್ನೂ ಎಕ್ಸೆಲ್ ತಿಂದು ಹಾಕಿತ್ತು. 00417 ಇದ್ದದ್ದು 417. ಪುಸ್ತಕಕ್ಕೆ ಅಂಟಿಸಿದ ಚೀಟಿಗೂ ಕಂಪ್ಯೂಟರಿಗೂ ತಾಳೆ ಇಲ್ಲ. ಇಡೀ ಮೇ ತಿಂಗಳ ರಜೆ ಅದಕ್ಕೇ ಹೋಯಿತು. ಮಗಳ ಜೊತೆ ಕೊಲ್ಲೂರಿಗೆ ಹೋಗುವುದಿತ್ತು, ಅದೂ ಇಲ್ಲ.

ಈಗ ನಾವು ಎಕ್ಸೆಲ್‌ನಲ್ಲೇ ಇದ್ದೇವೆ. ಕಂಟ್ರೋಲ್ ಎಫ್ ಒತ್ತಿದರೆ ಸಿಗುತ್ತದೆ. ನೆಮ್ಮದಿ.

ಬದಿಯಡ್ಕದವ:
ಟೀಚರೇ, ಎಕ್ಸೆಲ್‌ನಲ್ಲಿ ಯಾರು ಯಾವ ಪುಸ್ತಕ ಒಯ್ದರು ಅಂತ ಹೇಗೆ ಇಡುತ್ತೀರಿ? ಹುಡುಗನಿಗೆ ಯೂನಿಕೋಡ್ ಅಂತ ಮೊದಲೇ ಹೇಳದೆ ಇದ್ದದ್ದು ನಿಮ್ಮ ತಪ್ಪು. ಅದಕ್ಕೆ ಕೋಹಾ ಏನು ಮಾಡೀತು?

ಉಪ್ಪಳ ಟೀಚರ್:
ಬಟನ್ ಒತ್ತಲು 19 ದಿನ ಬೇಕಾದವರಿಂದ ನನಗೆ ಪಾಠ ಬೇಡ.

ಕುಂಬಳೆ ಅಜ್ಜ:
ನಾನು 31 ವರ್ಷ ವಾಚನಾಲಯ ನೋಡಿಕೊಂಡವನು. ಒಂದು ಉದ್ದ ರಿಜಿಸ್ಟರ್, ಒಂದು ಪೆನ್ನು. ಯಾವ ಪುಸ್ತಕ ಎಲ್ಲಿ ಉಂಟು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಕರೆಂಟು ಹೋದರೂ ರಿಜಿಸ್ಟರ್ ಓದಬಹುದು. ನಮ್ಮ ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಅಂತ ನಿಮಗೇ ಗೊತ್ತು.

ಉಪ್ಪಳ ಟೀಚರ್:
ಅಜ್ಜಾ, ಬೇಸರ ಮಾಡಬೇಡಿ. ನಿಮ್ಮ ರಿಜಿಸ್ಟರ್ ಗೆದ್ದಲು ಹಿಡಿದಾಗ ಅದನ್ನು ನೋಡಿ ಬರೆದವರಲ್ಲಿ ನಾನೂ ಒಬ್ಬಳು. 200 ನಂಬರ್ ಎರಡೆರಡು ಸಲ ಇತ್ತು.

ಕುಂಬಳೆ ಅಜ್ಜ:
ಅದು ನಾನು ಬಿಟ್ಟ ಮೇಲೆ ಬಂದವರು ಬರೆದದ್ದು.

ಹೊಸಂಗಡಿ:
ಎಲ್ಲರೂ ನಿಮ್ಮ ನಿಮ್ಮ ಕಥೆಯನ್ನೇ ಹೇಳುತ್ತಿದ್ದೀರಿ. ಮಾಷ್ಟ್ರು ಬರೆದದ್ದನ್ನು ಓದಿದಿರಾ? ರಿಪೋರ್ಟಿನಲ್ಲಿ ಲೆಕ್ಕ ಸರಿ ಉಂಟು ಅಂದಿದ್ದಾರೆ. ಅಂದರೆ ಪುಸ್ತಕ ಡೇಟಾಬೇಸಿನ ಒಳಗೆ ಹೋಗಿದೆ. ಬಟನ್ ಮರೆತದ್ದಲ್ಲ, ನುಡಿಯೂ ಅಲ್ಲ. ಹುಡುಕುವುದು ಡೇಟಾಬೇಸಿನಲ್ಲಿ ಅಲ್ಲ, ಝೀಬ್ರಾ ಎಂಬ ಹುಡುಕಾಟದ ಪ್ರೋಗ್ರಾಂ ಮಾಡಿಟ್ಟ ಇಂಡೆಕ್ಸಿನಲ್ಲಿ, ಅಂದರೆ ಪದಗಳ ಪಟ್ಟಿಯಲ್ಲಿ. ಹಳೇ 60 ಸಿಗುತ್ತವೆ, ಹೊಸದು ಇಲ್ಲ ಅಂದರೆ ನಡುವೆ ಎಲ್ಲೋ ಇಂಡೆಕ್ಸ್ ಮಾಡುವುದು ನಿಂತಿದೆ. ಕರೆಂಟು ಹೋಗಿ ಬಂದ ಮೇಲೆ ನಮ್ಮಲ್ಲಿ ಅದು ತಾನಾಗಿ ಏಳಲೇ ಇಲ್ಲ. ಝೀಬ್ರಾ, ಇಂಡೆಕ್ಸರ್ ಎರಡೂ ಓಡುತ್ತಿವೆಯಾ ನೋಡಿ, ಇಲ್ಲದಿದ್ದರೆ ಶುರು ಮಾಡಿ. ಆಮೇಲೆ ಕೋಹಾ ರೀಬಿಲ್ಡ್ ಝೀಬ್ರಾ ಆದೇಶವನ್ನು ಪೂರ್ತಿ ಇಂಡೆಕ್ಸಿಗೆ ಅಂತ ಕೊಡಿ. ನಾಲ್ಕು ಸಾವಿರಕ್ಕೆ ಒಂದು ಚಾ ಕುಡಿದು ಬರುವಷ್ಟು ಹೊತ್ತು.

ಇನ್ನು ನನ್ನ ಕಥೆ, ನಾನೂ ಬಿಡುವವನಲ್ಲ. ನಮ್ಮಲ್ಲಿ ಇಂಗ್ಲಿಷ್ ಪುಸ್ತಕ ಸಿಗುತ್ತಿತ್ತು, ಕನ್ನಡದ್ದು ಇಲ್ಲ. ಝೀಬ್ರಾದ ಮಾಮೂಲಿ ಹೊಂದಿಕೆ ಇಂಗ್ಲಿಷಿನಂಥ ಅಕ್ಷರಕ್ಕೆ ಮಾಡಿದ್ದು. ಕನ್ನಡಕ್ಕೆ ಐಸಿಯು ಅಂತ ಇನ್ನೊಂದು ಉಂಟು, ಅದಕ್ಕೆ ಬದಲಿಸಿ ಮತ್ತೆ ಪೂರ್ತಿ ಇಂಡೆಕ್ಸ್ ಮಾಡಬೇಕು. ನಾನು ಬದಲಿಸಿದೆ, ಇಂಡೆಕ್ಸ್ ಮಾಡಲು ಮರೆತೆ. ಎರಡು ತಿಂಗಳು ಕೋಹಾವನ್ನೇ ಬೈದೆ. ಹೆಂಡತಿ ಎದುರು ಲ್ಯಾಪ್‌ಟಾಪ್ ಎತ್ತಿ ಎಸೆಯಲು ಹೋದದ್ದೂ ಉಂಟು.

ಮುಳ್ಳೇರಿಯ:
ಇಂಡೆಕ್ಸ್ ಸರಿ ಆದರೂ ಎಲ್ಲಾ ಸಿಗುವುದಿಲ್ಲ, ನೋಡುತ್ತಿರಿ. ಕವಿ ಕಯ್ಯಾರರ ಪುಸ್ತಕ ಹುಡುಕಿ. ನಮ್ಮಲ್ಲಿ 14 ಪುಸ್ತಕ, ಹೆಸರು ಮೂರು ರೀತಿ. ಕಿಞ್ಞಣ್ಣ, ಕಿಂಞಣ್ಣ, ಕಿಯ್ಯಣ್ಣ. ಒಂದು ಹೊಡೆದರೆ ಐದು, ಇನ್ನೊಂದು ಹೊಡೆದರೆ ಏಳು. ಟೈಪ್ ಮಾಡಿದವರು ಮಲಯಾಳಂ ಶಾಲೆಯಲ್ಲಿ ಓದಿದವರು, ಪಾಪ.

ಬದಿಯಡ್ಕದವ:
ಮಲಯಾಳಂ ಓದಿದವರಿಗೆ ಞ ಬರೆಯಲು ಯಾರೂ ಕಲಿಸಬೇಕಾಗಿಲ್ಲ. ಅವರ ಭಾಷೆಯಲ್ಲಿ ದಿನಾ ಬರುವ ಅಕ್ಷರ ಅದು. ತಪ್ಪು ಮಾಡುವುದು ನಮ್ಮವರೇ, ಕೀಬೋರ್ಡಿನಲ್ಲಿ ಞ ಎಲ್ಲಿ ಉಂಟು ಅಂತ ಗೊತ್ತಿಲ್ಲ. ಕಯ್ಯಾರರು ನಮ್ಮ ಬದಿಯಡ್ಕದವರು, ಅವರ ಹೆಸರಾದರೂ ಸರಿ ಬರೆಯಿರಿ. ಞಕ್ಕೆ ಞ ಒತ್ತು.

ಮುಳ್ಳೇರಿಯ:
ಅಚ್ಚಾದ ಪುಸ್ತಕದ ಮೇಲೆಯೇ ಒಂದೊಂದರಲ್ಲಿ ಒಂದೊಂದು ಥರ ಉಂಟು. ಮುಖಪುಟದಲ್ಲಿ ಇದ್ದ ಹಾಗೆ ಬರೆಯಬೇಕಾ, ಸರಿ ಮಾಡಿ ಬರೆಯಬೇಕಾ?

ಹೊಸಂಗಡಿ:
ಪುಸ್ತಕದ ಹೆಸರಿಗೆ 245ನೇ ಫೀಲ್ಡಿನಲ್ಲಿ ಒಳಗಿನ ಶೀರ್ಷಿಕೆ ಪುಟದಲ್ಲಿ ಇದ್ದ ಹಾಗೆ. ಲೇಖಕರಿಗೆ 100ರಲ್ಲಿ ಎಲ್ಲದಕ್ಕೂ ಒಂದೇ ರೂಪ. ಅದಕ್ಕೇ ಅಥಾರಿಟಿ ಅಂತ ಒಪ್ಪಿದ ಹೆಸರುಗಳ ಪಟ್ಟಿ ಇಟ್ಟದ್ದು.

ಬದಿಯಡ್ಕದವ:
ಹಾಗಾದರೆ ಗೋವಿಂದ ಪೈಗಳನ್ನು ಎಂ. ಅಂತ ಬರೆಯುತ್ತೀರಾ, ಮಂಜೇಶ್ವರ ಅಂತ ಬರೆಯುತ್ತೀರಾ?

ಹೊಸಂಗಡಿ:
ಈಗ ಅದನ್ನು ಎತ್ತಬೇಡಿ ಮಾರಾಯ್ರೇ.

ನೀರ್ಚಾಲು ಮಾಷ್ಟ್ರು:
ಇಂಡೆಕ್ಸರ್ ನಿಂತೇ ಇತ್ತು. ಕಳೆದ ವಾರದ ಗಾಳಿಮಳೆಗೆ ಕರೆಂಟು ಹೋಗಿತ್ತು, ಆವತ್ತಿನಿಂದ ಇರಬೇಕು. ಹೊಸಂಗಡಿಯವರು ಹೇಳಿದ ಹಾಗೆ ಪೂರ್ತಿ ಮಾಡಿದೆ. ಈಗ ಎಲ್ಲಾ ಬರುತ್ತಿವೆ. 38 ಪುಸ್ತಕಕ್ಕೆ ಮಾತ್ರ ಪ್ರತಿ ತೋರಿಸುವುದಿಲ್ಲ. ಬಾರ್‌ಕೋಡ್ ಎರಡು ಸಲ ಬಂದವು ಅವು, ಇಂಪೋರ್ಟ್ ಆಗುವಾಗಲೇ ಬಿಟ್ಟುಬಿಟ್ಟಿದೆ. ಹಳೇ ರಿಜಿಸ್ಟರ್ ತೆಗೆದು ನೋಡಬೇಕು.

ಕುಂಬಳೆ ಅಜ್ಜ:
ರಿಜಿಸ್ಟರ್ ಬೇಕಾಯಿತಲ್ಲ?

ಉಪ್ಪಳ ಟೀಚರ್:
ಅಜ್ಜಾ, ಆ 38 ನಂಬರ್ ಎರಡು ಸಲ ಬರೆದದ್ದು ಕಂಪ್ಯೂಟರ್ ಅಲ್ಲ.