ಸೋರಿ ಬಿರುಕು ಬಿಟ್ಟ ‘ಸೀಲಿಂಗ್’: ಆ ಕೆಳಮೈಗೆ ನಮ್ಮ ಕಡೆ ಏನನ್ನುತ್ತಾರೆ?

ಬಲ್ಲವರಿಗೆಲ್ಲ ನಮಸ್ಕಾರ.

ಬೆಳಗಾವಿಯಲ್ಲಿ ನಮ್ಮ ಕಟ್ಟಡದ ನಿವಾಸಿಗಳ ಪರವಾಗಿ ಒಂದು ದುರಸ್ತಿ ಕೆಲಸದ ಪತ್ರ ಬರೆಯುತ್ತಿದ್ದೇನೆ. ಮೇಲಿನ ಮನೆಯ ಬಚ್ಚಲ ಪೈಪು ಸೋರಿ, ಕೆಳಗಿನ ಮನೆಯ ಪಡಸಾಲೆಯಲ್ಲಿ ತಲೆಯ ಮೇಲಿನ ತರಿತರಿ ಗಿಲಾವು (ಪ್ಲಾಸ್ಟರ್) ಬಿರುಕು ಬಿಟ್ಟಿದೆ. ಅಲ್ಲಲ್ಲಿ ಉಬ್ಬಿದೆ, ಹಳದಿ ಕಲೆಯೂ ಕೂತಿದೆ. ಈ ಪತ್ರವನ್ನು ಗೌಂಡಿಯೂ ಓದಬೇಕು, ಖರ್ಚು ಕೊಡುವವರೂ ಓದಬೇಕು. ಇಬ್ಬರಿಗೂ ಒಂದೇ ಅರ್ಥ ಹೊಳೆಯುವ ಪದಗಳು ಬೇಕು.

ದೊಡ್ಡ ತೊಡಕು ‘ಸೀಲಿಂಗ್’ನದು. ‘ಛಾವಣಿ ದುರಸ್ತಿ’ ಎಂದರೆ ಗೌಂಡಿ ನೇರ ಗಚ್ಚಿ (ತಾರಸಿ) ಹತ್ತುತ್ತಾರೆ. ‘ಒಳಛಾವಣಿ’ಯನ್ನು ಅಚ್ಚಿನಲ್ಲಿ ಓದಿದ್ದೇನೆ, ಯಾರ ಬಾಯಲ್ಲೂ ಕೇಳಿಲ್ಲ. ಕರಾವಳಿ, ಮಲೆನಾಡಿನವರ ‘ಮುಚ್ಚಿಗೆ’ ನನಗೆ ಬಹಳ ಇಷ್ಟವಾದ ಪದ, ಆದರೆ ಅದು ಮರದ ಹಲಗೆಯದು. ಸಿಮೆಂಟಿಗೆ ಅಂದರೆ ಅಲ್ಲಿಯವರು ಒಪ್ಪುತ್ತಾರೆಯೇ? ಗುಡಿಗಳ ಬಗ್ಗೆ ಬರೆಯುವವರು ‘ಭುವನೇಶ್ವರಿ’ ಎನ್ನುತ್ತಾರೆ. ನಮ್ಮ ಕೋಟೆಯೊಳಗೆ 1204ರಲ್ಲಿ ಕಟ್ಟಿದ ಕಮಲ ಬಸದಿಗೆ ಹೆಸರು ಬಂದದ್ದೇ ಮಂಟಪದಲ್ಲಿ ತಲೆಕೆಳಗಾಗಿ ಅರಳಿದ ಕಲ್ಲಿನ ಕಮಲದಿಂದ. ಬಾದಾಮಿಯ ಎರಡನೇ ಗುಹೆಯಲ್ಲಿ 16 ಮೀನುಗಳ ಚಕ್ರ ಕೆತ್ತಿರುವುದೂ ಇಂಥ ಕೆಳಮೈಯ ಮೇಲೆಯೇ. ತಲೆಯೆತ್ತಿ ನೋಡುವ ಮೈಗೆ ಇಷ್ಟು ಮನಸ್ಸಿಟ್ಟು ಕೆಲಸ ಮಾಡಿದ ಸೀಮೆಯಲ್ಲಿ ಅದಕ್ಕೊಂದು ಮನೆಮಾತಿನ ಪದ ಇರಲೇಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಬಚ್ಚಲ ಕೆಳಗಿನ ಗಿಲಾವಿಗಂತೂ ಭುವನೇಶ್ವರಿ ಎನ್ನಲಾರೆ.

ನನ್ನ ಊಹೆ ಹೀಗಿದೆ. ಮಣ್ಣಿನ ಮಾಳಿಗೆ ಮನೆಯಲ್ಲಿ ಮೇಲೆ ನೋಡಿದರೆ ಕಾಣುತ್ತಿದ್ದುದು ಒಂದೇ ಮೈ ಅಲ್ಲ. ತೊಲೆ ಬೇರೆ, ಜಂತಿ ಬೇರೆ, ಹಲಗೆ ಬೇರೆ. ನಿದ್ದೆ ಬಾರದವರು ಇಂದಿಗೂ ‘ಜಂತಿ ಎಣಿಸುತ್ತ’ ಮಲಗುತ್ತಾರೆ. ಒಂದೊಂದಕ್ಕೂ ಹೆಸರಿದ್ದಾಗ ಎಲ್ಲಕ್ಕೂ ಕೂಡಿ ಒಂದು ಹೆಸರು ಬೇಕಾಗಲಿಲ್ಲವೇನೋ. ಸ್ಲ್ಯಾಬ್ ಬಂದ ಮೇಲೆ ಎಲ್ಲ ಒಂದೇ ಮೈಯಾಯಿತು. ಇಲ್ಲಿಯ ಗೌಂಡಿಗಳು ‘ಸ್ಲ್ಯಾಬಿನ ಕೆಳಗಿನ ಗಿಲಾವು’ ಎಂದೇ ಹೇಳುತ್ತಾರೆ. ಉದ್ದವಾದರೂ ಗೊಂದಲವಿಲ್ಲದ ಮಾತು.

‘ಗಿಲಾವು’ ಪದವನ್ನು ಮಾತ್ರ ನಾನು ಬಿಡುವುದಿಲ್ಲ. ಮರಾಠಿಯ ‘ಗಿಲಾವಾ’ ಮೂಲಕ ನಮಗೆ ಬಂದದ್ದು. ಹಿಂದೆ ಹೋದರೆ ಪಾರಸಿಯಲ್ಲಿ ‘ಗಿಲ್’ ಎಂದರೆ ಮಣ್ಣು, ‘ಆಬ್’ ಎಂದರೆ ನೀರು. ದಕ್ಷಿಣದ ಗೆಳೆಯರು ‘ಗಾರೆ’ ಸಾಕು ಎನ್ನಬಹುದು, ಆದರೆ ಗಾರೆ ಎಂದರೆ ನಮಗೆ ಸುಣ್ಣ, ನೆಲ ಎಲ್ಲ ನೆನಪಾಗುತ್ತದೆ.

‘ಟೆಕ್ಸ್ಚರ್’ಗೆ ಜಾಹೀರಾತುಗಳಲ್ಲಿ ‘ವಿನ್ಯಾಸ’ ಎಂದು ಬರೆಯುತ್ತಾರೆ. ಅದು ಕಣ್ಣಿನ ಪದ, ಇಲ್ಲಿ ಬೇಕಾದದ್ದು ಕೈಯ ಪದ. ಹಿಟ್ಟನ್ನು ತರಿತರಿಯಾಗಿ ಬೀಸುತ್ತೇವಲ್ಲ, ಆ ‘ತರಿ’ ಹಿಡಿದು ‘ತರಿ ಗಿಲಾವು’ ಎಂದು ಬರೆದಿದ್ದೇನೆ. ಕಿವಿಗೆ ಒಗ್ಗುತ್ತದೆಯೇ?

ಬಿರುಕಿನ ವಿಷಯದಲ್ಲಿ ಪದ ತಪ್ಪಿದರೆ ಕೆಲಸವೇ ತಪ್ಪುತ್ತದೆ. ಬರೀ ಗಿಲಾವಿನ ಕೂದಲೆಳೆ ಗೆರೆಯಾದರೆ ಸೋರಿಕೆ ನಿಲ್ಲಿಸಿ, ಪೂರ್ತಿ ಒಣಗಿಸಿ, ಸಡಿಲಾದದ್ದನ್ನು ಕೆರೆದು, ಗೆರೆಯನ್ನು ಸ್ವಲ್ಪ ಬಿಡಿಸಿ ತುಂಬಿದರೆ ಮುಗಿಯಿತು. ಕಲೆಯ ಮೇಲೆ ಎಣ್ಣೆ ಪ್ರೈಮರ್ ಹಚ್ಚಬೇಕು, ನೀರಿನ ಬಣ್ಣ ಹಚ್ಚಿದರೆ ಹಳದಿ ಮತ್ತೆ ಮೇಲೆ ಬರುತ್ತದೆ. ಆದರೆ ಸ್ಲ್ಯಾಬಿನೊಳಗಿನ ಕಬ್ಬಿಣದ ಸಳಿಯ ಗುಂಟ ನೇರ ಓಡಿ, ಕಂದು ನೀರು ಇಳಿದ ಬಿರುಕು ಬೇರೆಯೇ ಜಾತಿ. ಕಬ್ಬಿಣ ತುಕ್ಕಾದಾಗ ಹೆಚ್ಚು ಜಾಗ ಬೇಡುತ್ತದೆ, ಸಿಮೆಂಟನ್ನು ಹೊರಗೆ ದಬ್ಬುತ್ತದೆ. ಅದರ ಮೇಲೆ ಪುಟ್ಟಿ ಬಳಿದರೆ ಮನೆಯವರ ತಲೆಗೇ ಅಪಾಯ. ಎರೆಹೊಲ ಬಿರುಕು ಬಿಡುತ್ತದೆ, ಕಟ್ಟಿಗೆ ಸೀಳುತ್ತದೆ. ಹಾಗೆಯೇ ಮೊದಲನೆಯದಕ್ಕೆ ‘ಬಿರುಕು’, ಎರಡನೆಯದಕ್ಕೆ ‘ಸೀಳು’ ಎಂದು ಗೆರೆ ಎಳೆದಿದ್ದೇನೆ. ಎಂಜಿನಿಯರಿಂಗ್ ಪಾಠವನ್ನು ಕನ್ನಡದಲ್ಲಿ ಹೇಳುವವರು ಇದನ್ನು ಒಪ್ಪುವರೇ?

ಇನ್ನೆರಡು ಸಣ್ಣ ಪ್ರಶ್ನೆ. ಬಡಿದರೆ ಡೊಬ್ ಡೊಬ್ ಎನ್ನುವ ಗಿಲಾವಿಗೆ ಇಲ್ಲಿ ‘ಪೊಳ್ಳು’ ಎನ್ನುತ್ತಾರೆ. ಬರಹದಲ್ಲಿ ‘ಟೊಳ್ಳು’ ಎನ್ನಬೇಕೇ? ಹೊಸ ತೇಪೆಯ ಅಂಚನ್ನು ತೆಳ್ಳಗೆ ಸವರಿ, ತರಿಯನ್ನೂ ಹಳೆಯದರಂತೆ ಎಬ್ಬಿಸಿ, ಎರಡೂ ಒಂದೇ ಎನ್ನಿಸುವ ಕೆಲಸಕ್ಕೆ ಒಂದೇ ಕ್ರಿಯಾಪದ ಉಂಟೇ?

ಬಾಗಲಕೋಟೆ, ವಿಜಯಪುರ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು, ಆಗದಿದ್ದರೆ ಹಳೆಯ ಗೌಂಡಿಗಳನ್ನು ಕೇಳಿ, ಮಾಳಿಗೆಯ ಕೆಳಮೈಗೆ ಅವರು ಏನನ್ನುತ್ತಾರೋ ಆಡಿದಂತೆಯೇ ಬರೆದು ಕಳಿಸಿ.