ಕಲ್ಲು ಕರಗದೆ ಗ್ರಾನೈಟ್ ಆಗುವುದಕ್ಕೆ ಏನನ್ನಬೇಕು? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಕಲ್ಲುಗಳ ಪ್ರದರ್ಶನವೊಂದರ ಫಲಕಗಳನ್ನು ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಹಳೆಯ ರೂಪಾಂತರ ಶಿಲೆ ಕರಗದೆಯೇ, ಬಿಸಿ ದ್ರವಗಳು ಹೊತ್ತು ತಂದ ಧಾತುಗಳಿಂದ ನಿಧಾನಕ್ಕೆ ಗ್ರಾನೈಟ್ ಆಗುವುದಕ್ಕೆ ‘ಗ್ರಾನಿಟೈಸೇಷನ್’ ಅಂತಾರೆ. ‘ಗ್ರಾನೈಟೀಕರಣ’ ಸರಿಯಾ? ಪಕ್ಕದಲ್ಲೇ ‘ಮೆಟಾಸೊಮ್ಯಾಟಿಸಂ’ ಕೂಡ ಇದೆ. ಸದ್ಯಕ್ಕೆ ‘ರಾಸಾಯನಿಕ ರೂಪಾಂತರ’ ಅಂತ ಹಾಕಿದ್ದೇನೆ. ಇರುವ ಜಾಗ ಎರಡೇ ಸಾಲು.

* * *

> ‘ಗ್ರಾನೈಟೀಕರಣ’ ಸರಿಯಾ?

ಅಲ್ಲ. ಅಪ್ಪಟ ಅರಿಸಮಾಸ. ಇಟಲಿಯ ತಲೆಗೆ ಸಂಸ್ಕೃತದ ಬಾಲ. ಗ್ರಾನೈಟ್ ಬಂದದ್ದು ‘ಕಾಳುಕಾಳಾದದ್ದು’ ಅನ್ನುವ ಅರ್ಥದ ಇಟಾಲಿಯನ್ ಪದದಿಂದ. ಆದ್ದರಿಂದ ‘ಕಣಶಿಲೆ’, ‘ಕಣಶಿಲೀಕರಣ’. ಇದರಲ್ಲಿ ಚರ್ಚೆಗೆ ಏನಿದೆ?

* * *

ಇದೆ ಸರ್. ಶಾಲೆ ಪುಸ್ತಕದಲ್ಲಿ ಕಣಶಿಲೆ ಅಂದರೆ ಪದರುಶಿಲೆ. ಮಣ್ಣು, ಮರಳು ಕೂತು ಆದದ್ದು. ನಿಮ್ಮ ಫಲಕ ಓದಿದ ಮಕ್ಕಳು ಗ್ರಾನೈಟ್ ಕೆರೆಯ ತಳದಲ್ಲಿ ಹುಟ್ಟಿತು ಅಂದುಕೊಳ್ಳುತ್ತಾರೆ. ಸುಮ್ನೆ ಪದ ಕಟ್ಟುವ ಮೊದಲು ಆ ಪದ ಖಾಲಿ ಇದೆಯಾ ಅಂತ ನೋಡಬೇಕು.

ನನ್ನ ತಕರಾರು ‘ಈಕರಣ’ದ ಮೇಲೆ. ಅಲ್ಲಿ ಮಾಡುವವರು ಯಾರು? ಕಲ್ಲು ತಾನಾಗಿ ಆದರೆ ಅದು ‘ಈಭವನ’.

* * *

ನೀರು ತಾನಾಗಿ ಆವಿಯಾದರೂ ‘ಬಾಷ್ಪೀಕರಣ’ ಅಂತಲೇ ಓದಿದ್ದೇವೆ. ಆಕಾಶ ಬಿದ್ದಿಲ್ಲ. ಅಲ್ಲದೆ ಇಲ್ಲಿ ಮಾಡುವವರು ಇದ್ದಾರೆ, ದ್ರವಗಳು.

ಪ್ರಶ್ನೆ ಕೇಳಿದವರಿಗೆ: ‘ರಾಸಾಯನಿಕ ರೂಪಾಂತರ’ ಬೇಡ ಮೇಡಂ. ಸಾಮಾನ್ಯ ರೂಪಾಂತರದಲ್ಲಿ ಖನಿಜಗಳು ಬದಲಾಗುತ್ತವೆ, ಆದರೆ ನೀರಿನಂಥದ್ದು ಬಿಟ್ಟರೆ ಒಟ್ಟು ಸರಕು ಹೆಚ್ಚುಕಮ್ಮಿ ಅದೇ. ಮೆಟಾಸೊಮ್ಯಾಟಿಸಂನಲ್ಲಿ ಸರಕೇ ಬೇರೆಯಾಗುತ್ತದೆ. ಗೋಡೆ ನಿಂತಂತೆಯೇ ನಿಂತಿರುತ್ತದೆ, ಇಟ್ಟಿಗೆಗಳು ಒಂದೊಂದಾಗಿ ಬದಲಾಗಿರುತ್ತವೆ. ಪೊಟ್ಯಾಸಿಯಂ, ಸೋಡಿಯಂ, ಸಿಲಿಕಾ ಒಳಗೆ ಬರುತ್ತವೆ. ಕಬ್ಬಿಣ, ಮೆಗ್ನೀಸಿಯಂ ಹೊರಗೆ ಹೋಗುತ್ತವೆ. ಕಾಗೆಬಂಗಾರದ ಕಪ್ಪು ಪಟ್ಟೆಗಳು ಮಾಸುತ್ತವೆ, ಅವುಗಳ ನಡುವೆ ಗ್ರಾನೈಟಿನ ಮುಖ್ಯ ಖನಿಜವಾದ ಫೆಲ್ಡ್‌ಸ್ಪಾರ್ ಹರಳುಗಳು ದಪ್ಪವಾಗುತ್ತವೆ. ಗ್ರೀಕಿನಲ್ಲಿ ‘ಸೋಮ’ ಅಂದರೆ ದೇಹ. ‘ಕಾಯಪಲ್ಲಟ’ ಅಂದರೆ ಹೇಗೆ?

ಆದರೆ ಪದಕ್ಕಿಂತ ದೊಡ್ಡ ತೊಂದರೆ ವಾಕ್ಯದಲ್ಲಿದೆ. ‘ಗ್ರಾನೈಟ್ ಹೀಗೆ ಆಗುತ್ತದೆ’ ಅಂತ ಖಡಾಖಂಡಿತ ಬರೆದರೆ ತಪ್ಪು. ಭೂವಿಜ್ಞಾನಿ ಜೇಮ್ಸ್ ಹಟನ್ 1785ರಲ್ಲೇ ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ ಗ್ರಾನೈಟಿನ ಎಳೆಗಳು ಹಳೆಯ ಕಲ್ಲಿನೊಳಕ್ಕೆ ನುಗ್ಗಿದ್ದನ್ನು ಕಂಡು, ಇದು ಒಮ್ಮೆ ಕರಗಿ ಹರಿದದ್ದು ಅಂದಿದ್ದ. ಕರಗಿಲ್ಲ ಅನ್ನುವವರ ಬಳಿಯೂ ಸಾಕ್ಷಿ ಇತ್ತು. ಕೆಲವು ಕಡೆ ಹೊರಗಿನ ಕಲ್ಲಿನ ಪಟ್ಟೆಗಳು ದಿಕ್ಕು ತಪ್ಪದೆ ಗ್ರಾನೈಟಿನೊಳಗೂ ನೆರಳಿನ ಹಾಗೆ ಮುಂದುವರಿಯುತ್ತವೆ. ಇನ್ನು ಕೆಲವು ಕಡೆ ಒಂದೇ ಫೆಲ್ಡ್‌ಸ್ಪಾರ್ ಹರಳು ಅರ್ಧ ಗ್ರಾನೈಟಿನಲ್ಲಿ, ಅರ್ಧ ಅದರೊಳಗೆ ಸಿಕ್ಕಿಕೊಂಡ ಕಪ್ಪು ಕಲ್ಲಿನ ತುಂಡಿನಲ್ಲಿ ಕೂತಿರುತ್ತದೆ. ಜೊತೆಗೆ ಒಂದು ಒಳ್ಳೆಯ ಪ್ರಶ್ನೆ: ಇಷ್ಟೊಂದು ಕರಗಿದ ಕಲ್ಲು ನುಗ್ಗಿ ಬಂದಿದ್ದರೆ ಮೊದಲು ಅಲ್ಲಿದ್ದ ಕಲ್ಲು ಎಲ್ಲಿಗೆ ಹೋಯಿತು? 1930, 40ರ ದಶಕಗಳಲ್ಲಿ ಇದರ ಮೇಲೆ ಜಗಳವೋ ಜಗಳ. ನಮ್ಮ ಈ ಗುಂಪಿನಲ್ಲಿ ನಡೆಯುವುದಕ್ಕಿಂತ ಜಾಸ್ತಿ.

1958ರಲ್ಲಿ ಟಟಲ್ ಮತ್ತು ಬೋವೆನ್ ಎಂಬ ಶಿಲಾವಿಜ್ಞಾನಿಗಳು ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಬೆಣಚು, ಎರಡು ಬಗೆಯ ಫೆಲ್ಡ್‌ಸ್ಪಾರ್, ನೀರು ಸೇರಿಸಿ ಒತ್ತಡದಲ್ಲಿ ಕಾಯಿಸಿದ್ದರು. ಯಾವ ಪ್ರಮಾಣದ ಬೆರಕೆ ಎಲ್ಲಕ್ಕಿಂತ ಕಡಿಮೆ ಬಿಸಿಗೆ, ಸುಮಾರು 650ರಿಂದ 700 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೋ, ಹೆಚ್ಚಿನ ಗ್ರಾನೈಟುಗಳ ಪ್ರಮಾಣ ಅದರ ಹತ್ತಿರವೇ ಇದೆ. ಕರಗಿರದಿದ್ದರೆ ಇದು ಹೇಗೆ? ಅಲ್ಲಿಂದ ಶಿಲಾಪಾಕದವರ, ಅಂದರೆ ಕರಗಿದ ಕಲ್ಲಿನಿಂದಲೇ ಆದದ್ದು ಅನ್ನುವವರ, ಕೈ ಮೇಲಾಯಿತು. ಈಗ ಕಾಯಪಲ್ಲಟಕ್ಕೆ ಉಳಿದಿರುವುದು ಚಿಕ್ಕ ಜಾಗ. ಫಲಕದಲ್ಲಿ ‘ಕೆಲವೆಡೆ’ ಅಂತ ಸೇರಿಸಲೇಬೇಕು.

* * *

> ‘ಕಾಯಪಲ್ಲಟ’ ಅಂದರೆ ಹೇಗೆ?

‘ಮೈ’ ಇರುವಾಗ ‘ಕಾಯ’ ಯಾಕೆ? ‘ಮೈಮಾರ್ಪು’ ಅನ್ನಿ. ಗ್ರಾನೈಟಿಗೆ ‘ಕಗ್ಗಲ್ಲು’. ಸಾಲ ಎತ್ತುವುದೇ ಚಟವಾಗಿದೆ ನಮಗೆ.

* * *

ಕರಿದಾದ ಕಲ್ಲು ಕಗ್ಗಲ್ಲು. ಗುಲಾಬಿ ಬಣ್ಣದ ಗ್ರಾನೈಟ್ ಮುಂದೆ ಈ ಫಲಕ ನಿಲ್ಲಿಸಿ ನೋಡಿ. ಸಾಲದ ಮಾತು ಬೇಡ. ಕಾಗದ, ಕುರ್ಚಿ, ಮೇಜು ಒಳಗೆ ಬರುವಾಗ ಯಾರೂ ನಿಮ್ಮನ್ನು ಕೇಳಲಿಲ್ಲ.

* * *

ಎಲ್ಲರಿಗೂ ಥ್ಯಾಂಕ್ಸ್. ‘ಗ್ರಾನಿಟೈಸೇಷನ್’ಗೆ ಹೆಸರುಪದವನ್ನೇ ಬಿಟ್ಟೆ: “ಹಳೆಯ ನೈಸ್ ಶಿಲೆ ಕರಗದೆಯೇ, ಬಿಸಿ ದ್ರವಗಳಿಂದ ಕಾಯಪಲ್ಲಟವಾಗಿ, ಕೆಲವೆಡೆ ಗ್ರಾನೈಟ್ ಆಗಿದೆ ಎಂಬ ವಾದವಿದೆ.” ಎರಡು ಸಾಲಿಗೆ ಸರಿಯಾಗಿ ಕೂತಿತು.

* * *

‘ನೈಸ್ ಶಿಲೆ’ ಅಂದರೆ ಜನ ನುಣುಪಾದ ಕಲ್ಲು ಅಂದುಕೊಳ್ಳುತ್ತಾರೆ. ಪಟ್ಟೆಪಟ್ಟೆಯಾದ ಈ ರೂಪಾಂತರ ಶಿಲೆಯ ಹೆಸರು ಬಂದದ್ದು ಜರ್ಮನ್‌ನಿಂದ. ಅವರು ‘ಗ್ನೈಸ್’ ಅಂತ ಮೊದಲಕ್ಷರ ಒತ್ತಿಯೇ ಹೇಳುತ್ತಾರೆ. ಇಂಗ್ಲಿಷಿನವರು ಬರಹದಲ್ಲಿ ಉಳಿಸಿಕೊಂಡು ಬಾಯಲ್ಲಿ ನುಂಗಿದರು. ಅವರು ನುಂಗಿದ್ದನ್ನು ನಾವೂ ಯಾಕೆ ನುಂಗಬೇಕು?

* * *

‘ಪಟ್ಟೆಕಲ್ಲು’. ಜರ್ಮನ್ ಪಾಠ ಬೇಡ.

* * *

ಸಂಗಮವರಿ ಕಲ್ಲಿಗೂ ಪಟ್ಟೆ ಇರುತ್ತದೆ ಸ್ವಾಮಿ. ಕಲ್ಲು ನೋಡಿ ಮಾತಾಡಿ.