ಅಜ್ಜನ ನೋಟ್‌ಬುಕ್ಕಿನಲ್ಲಿ ‘ಇನ್ನರ್ಧ ಬಾಕಿ’: ಈ ಜೋಡಿ ಸ್ಟ್ಯಾಂಪಿನ ಬಗ್ಗೆ ಗೊತ್ತಿದ್ದವರು ಹೇಳಿ

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನಾನು ಸ್ಟ್ಯಾಂಪ್ ಸಂಗ್ರಹಿಸುವವಳಲ್ಲ, ನಮ್ಮ ಅಜ್ಜ ಸಂಗ್ರಹಿಸುತ್ತಿದ್ದರು. ಅವರು ಹೋಗಿ ಎರಡು ವರ್ಷವಾಯಿತು. ಮೊನ್ನೆ ಅಟ್ಟ ಗುಡಿಸುವಾಗ ಅವರ ಟ್ರಂಕಿನಲ್ಲಿ ಒಂದು ಉದ್ದ ನೋಟ್‌ಬುಕ್ ಸಿಕ್ಕಿತು. ಅದರ ಒಂದು ಪುಟದಲ್ಲಿ ಎರಡು ಸ್ಟ್ಯಾಂಪ್ ಒಂದಕ್ಕೊಂದು ಅಂಟಿಕೊಂಡೇ ಇವೆ, ನಡುವೆ ಸಣ್ಣ ತೂತುಗಳ ಸಾಲು ಅಷ್ಟೇ. ಒಂದರಲ್ಲಿ ಜೈಪುರದ ಜಂತರ್ ಮಂತರ್. ಇನ್ನೊಂದರಲ್ಲಿ ಕಲ್ಲಿನ ಗೋಪುರ, ಕೆಳಗೆ ಅಗಲ, ಮೇಲೆ ಸಪೂರ, ನೋಡಲಿಕ್ಕೆ ನಮ್ಮ ಮನೆಯ ಹಳೇ ಹೂಜಿಯ ಹಾಗಿದೆ. ಕೊರಿಯಾ ಅಂತ ಬರೆದಿದೆ, ವರ್ಷ 2003. ಅದರ ಕೆಳಗೆ ಅಜ್ಜ ಪೆನ್ಸಿಲ್‌ನಲ್ಲಿ ‘ಇನ್ನರ್ಧ ಬಾಕಿ’ ಎಂದು ಬರೆದಿದ್ದಾರೆ. ಜೋಡಿ ಪೂರ್ತಿ ಇದೆಯಲ್ಲ, ಮತ್ತೆ ಅರ್ಧ ಯಾವುದು ಬಾಕಿ? ಎರಡು ದಿನದಿಂದ ಇದೇ ತಲೆಯಲ್ಲಿ ಕೂತಿದೆ.

ಇನ್ನೊಂದು ವಿಷಯ. ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಲ್ಲ, ಪುಟವೆಲ್ಲ ಥಂಡಿ ಹಿಡಿದಿದೆ. ಸ್ಟ್ಯಾಂಪಿನ ಹಿಂದಿನ ಗೋಂದು ಕರಗಿ ಹಾಳೆಗೆ ಅಂಟಿಬಿಟ್ಟಿದೆ. ನೀರಿನಲ್ಲಿ ನೆನೆಸಿ ಬಿಡಿಸಬಹುದಾ? ಎರಡನ್ನೂ ಬೇರೆ ಮಾಡಿ ಫ್ರೇಮ್ ಹಾಕಿಸು ಅಂತ ತಮ್ಮ ಹೇಳುತ್ತಿದ್ದಾನೆ.

ಹಳೇ ಕವರು

ದಯವಿಟ್ಟು ಬೇರೆ ಮಾಡಬೇಡಿ! ಮೊದಲು ತಮ್ಮನ ಕೈಯಿಂದ ಆ ನೋಟ್‌ಬುಕ್ ತೆಗೆದಿಡಿ.

ನಿಮ್ಮ ಅಜ್ಜ ಬರೆದದ್ದು ಸರಿಯಾಗಿಯೇ ಇದೆ. ಇದನ್ನು ಜಾಯಿಂಟ್ ಇಶ್ಯೂ ಅನ್ನುತ್ತಾರೆ. ಎರಡು ದೇಶಗಳು ಮಾತಾಡಿಕೊಂಡು ಒಂದೇ ವಿಷಯದ ಮೇಲೆ, ಸಾಮಾನ್ಯವಾಗಿ ಒಂದೇ ದಿನ, ಎರಡೂ ಕಡೆ ಸ್ಟ್ಯಾಂಪ್ ತರುತ್ತವೆ. ಭಾರತ ಮತ್ತು ದಕ್ಷಿಣ ಕೊರಿಯಾ ನಡುವೆ ರಾಜತಾಂತ್ರಿಕ ಸಂಬಂಧ ಶುರುವಾದದ್ದು 1973ರ ಡಿಸೆಂಬರ್ 10ಕ್ಕೆ. 30 ವರ್ಷ ತುಂಬಿದಾಗ, 2003ರಲ್ಲಿ, ಈ ಜೋಡಿ ಬಂತು. ನಿಮ್ಮ ಹತ್ತಿರ ಇರುವುದು ನಮ್ಮ ಅಂಚೆ ಇಲಾಖೆಯದು, ಬೆಲೆ ರೂಪಾಯಿಯಲ್ಲಿದೆ. ಇದೇ ಜಂತರ್ ಮಂತರ್ ಮತ್ತು ಇದೇ ಗೋಪುರ ಇಟ್ಟು ಕೊರಿಯಾದವರೂ ತಂದರು, ಅದರಲ್ಲಿ ಬೆಲೆ ವಾನ್‌ನಲ್ಲಿರುತ್ತದೆ. ಅಜ್ಜನಿಗೆ ಸಿಗದೆ ಉಳಿದ ಅರ್ಧ ಅದೇ.

ಆ ಹೂಜಿಯಂಥ ಗೋಪುರದ ಹೆಸರು ಚಿಯೋಮ್‌ಸೊಂಗ್‌ಡೆ. ಗ್ಯೊಂಗ್‌ಜು ಎಂಬ ಊರಿನಲ್ಲಿದೆ. 7ನೇ ಶತಮಾನದಲ್ಲಿ ಸಿಲ್ಲಾ ರಾಜ್ಯದ ರಾಣಿ ಸೊಂದೊಕ್ ಕಾಲದಲ್ಲಿ ನಕ್ಷತ್ರ ನೋಡಲು ಕಟ್ಟಿದ್ದು. ಎತ್ತರ ಸುಮಾರು 9 ಮೀಟರ್, ನಡುವೆ ಒಂದು ಚೌಕ ಕಿಟಕಿ. ಜೈಪುರದ್ದು ಸವಾಯಿ ಜೈಸಿಂಗ್ 18ನೇ ಶತಮಾನದಲ್ಲಿ ಕಟ್ಟಿಸಿದ್ದು, ಅಲ್ಲಿನ ಸಮ್ರಾಟ್ ಯಂತ್ರ ಎಂಬ ನೆರಳು ಗಡಿಯಾರ ಒಂದೇ 27 ಮೀಟರ್ ಎತ್ತರ ಇದೆ. ನಡುವೆ ಸಾವಿರ ವರ್ಷದ ಅಂತರ, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಇಬ್ಬರೂ ದುರ್ಬೀನಿಲ್ಲದೆ, ಕಲ್ಲು ಕಟ್ಟಡ ನಿಲ್ಲಿಸಿ ಆಕಾಶ ಓದಿದವರು. ನನ್ನ ಮಟ್ಟಿಗೆ ಭಾರತ ತಂದ ಜಾಯಿಂಟ್ ಇಶ್ಯೂಗಳಲ್ಲಿ ಇದಕ್ಕಿಂತ ಚೆನ್ನಾದ ಜೋಡಿ ಇಲ್ಲ. 2008ರಲ್ಲಿ ಚೀನಾ ಜೊತೆ ಬಂದದ್ದೂ ಇದೇ ಸಾಲಿಗೆ ಸೇರುತ್ತದೆ. ಬೋಧಗಯೆಯ ಮಹಾಬೋಧಿ ದೇವಾಲಯ, ಪಕ್ಕದಲ್ಲಿ ಲುವೊಯಾಂಗ್‌ನ ಬಿಳಿ ಕುದುರೆ ದೇವಾಲಯ. ಭಾರತದಿಂದ ಇಬ್ಬರು ಭಿಕ್ಷುಗಳು ಬಿಳಿ ಕುದುರೆಯ ಮೇಲೆ ಬೌದ್ಧ ಗ್ರಂಥಗಳನ್ನು ಹೊತ್ತು ಬಂದರು ಎಂಬ ಕಥೆ ಆ ಹೆಸರಿನ ಹಿಂದೆ ಇದೆ. ಇಂಥವುಗಳಲ್ಲಿ ಎರಡು ಚಿತ್ರ ಯಾಕೆ ಜೊತೆಗಿವೆ ಅಂತ ಕೇಳಬೇಕಾಗಿಲ್ಲ. ಆಮೇಲಾಮೇಲೆ ಒಂದು ನಮ್ಮ ನೃತ್ಯ, ಒಂದು ಅವರ ನೃತ್ಯ ಅಂತ ಶುರುವಾಯಿತು. ಮೆಕ್ಸಿಕೊ, ಪೋರ್ಚುಗಲ್, ರಷ್ಯಾ, ಎಲ್ಲ ಜೊತೆಯೂ ಅದೇ. ಚೆಂದ ಇವೆ, ಆದರೆ ಸುಮ್ನೆ ಪಕ್ಕಪಕ್ಕ ನಿಲ್ಲಿಸಿದ ಹಾಗೆ ಅನ್ನಿಸುತ್ತದೆ.

ಬಿಡಿಸುವ ವಿಷಯ. ನೀರಿಗೆ ಹಾಕಿದರೆ ಗೋಂದು ಪೂರ್ತಿ ಹೋಗುತ್ತದೆ, ನಡುವಿನ ತೂತಿನ ಸಾಲು ನೆನೆದು ಹರಿದರೂ ಹರಿಯಿತು. ಹೀಗೆ ಮಾಡಿ. ಸ್ಟ್ಯಾಂಪಿನ ಸುತ್ತ ಎರಡು ಬೆರಳು ಜಾಗ ಬಿಟ್ಟು ಹಾಳೆ ಕತ್ತರಿಸಿಕೊಳ್ಳಿ, ಅಜ್ಜನ ಅಕ್ಷರಕ್ಕೆ ಕತ್ತರಿ ತಾಗದಿರಲಿ. ಮುಚ್ಚಳವಿರುವ ಡಬ್ಬಿಯ ತಳದಲ್ಲಿ ಹಿಂಡಿದ ಒದ್ದೆ ಸ್ಪಂಜ್ ಇಡಿ. ಅದರ ಮೇಲೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಸ್ಟ್ಯಾಂಪ್, ಚಿತ್ರ ಕೆಳಗೆ, ಹಾಳೆ ಮೇಲೆ. ಚಿತ್ರಕ್ಕೆ ನೀರು ತಾಗಲೇಬಾರದು. ಗಂಟೆಗೊಮ್ಮೆ ತೆಗೆದು ನೋಡಿ, ಹಾಳೆಯ ಮೂಲೆ ತಾನಾಗಿ ಏಳುವಂತಿದ್ದರೆ ಮಾತ್ರ ಚಿಮಟದಲ್ಲಿ ಮೆಲ್ಲಗೆ ಎತ್ತಿ. ಎಳೆಯಬೇಡಿ. ಒಣಗಿದ ಮೇಲೆ ಬಟರ್ ಪೇಪರ್ ನಡುವೆ ಇಟ್ಟು ದಪ್ಪ ಪುಸ್ತಕದ ಕೆಳಗಿಡಿ. ಅಗ್ಗದ ಪಿವಿಸಿ ಆಲ್ಬಂ ಬೇಡ, ನಾನು ಹಾಗೆ ಇಟ್ಟು ಒಂದು ಪೂರ್ತಿ ಸೆಟ್ಟಿನ ಬಣ್ಣ ಕಳೆದುಕೊಂಡಿದ್ದೇನೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಚೌಕಿಮನೆ

ಕವರು ಅಣ್ಣಾ, ಕಲ್ಲಿನ ವಿಷಯ ಒಪ್ಪಿದೆ. ನೃತ್ಯದ ವಿಷಯ ಒಪ್ಪುವುದಿಲ್ಲ.

2002ರಲ್ಲಿ ಜಪಾನಿನ ಜೊತೆಗಿನ ಸಂಬಂಧಕ್ಕೆ 50 ವರ್ಷವಾದಾಗ ನಮ್ಮ ಇಲಾಖೆ ಕಥಕ್ಕಳಿ ಮತ್ತು ಅವರ ಸಾಂಪ್ರದಾಯಿಕ ನಾಟಕ ಕಬುಕಿಯ ಜೋಡಿ ತಂತು, ನೆನಪಿದೆಯಲ್ವಾ? ನಾನು ಕುಂದಾಪುರ ಕಡೆಯವನು, ಚಿಕ್ಕಂದಿನಿಂದ ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಹಚ್ಚುವುದನ್ನು ನೋಡಿ ಬೆಳೆದವನು. ಆ ಎರಡು ಸ್ಟ್ಯಾಂಪನ್ನು ಮೊದಲ ಸಲ ಲೆನ್ಸ್ ಇಟ್ಟು ನೋಡಿದಾಗ ಮೈ ಜುಮ್ಮೆಂದಿತು. ಕಥಕ್ಕಳಿಯವರು ಗಲ್ಲದ ಅಂಚಿಗೆ ಬಿಳಿ ಚುಟ್ಟಿ ಕಟ್ಟುತ್ತಾರೆ. ನಮ್ಮ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡುತ್ತಾರೆ, ಮುಳ್ಳು ಮುಳ್ಳಾಗಿ, ಒಂದೊಂದೇ, ಗಂಟೆಗಟ್ಟಲೆ. ಕಬುಕಿಯವರು ಬಿಳಿ ಬಳಿದ ಮುಖದ ಮೇಲೆ ಕೆಂಪು ಗೆರೆ ಎಳೆಯುತ್ತಾರೆ, ಅದಕ್ಕೆ ಕುಮದೋರಿ ಅನ್ನುತ್ತಾರೆ. ಕೆಂಪು ಇದ್ದರೆ ವೀರ, ನೀಲಿ ಇದ್ದರೆ ದುಷ್ಟ. ಬಣ್ಣ ನೋಡಿಯೇ ಪಾತ್ರದ ಗುಣ ಹೇಳಬಹುದು, ನಮ್ಮಲ್ಲೂ ಹಾಗೇ ತಾನೆ? ಅಲ್ಲೂ ಹೆಣ್ಣಿನ ಪಾತ್ರ ಗಂಡಸರೇ ಮಾಡುತ್ತಾ ಬಂದದ್ದು. ಅದು ಸುಮ್ನೆ ನಿಲ್ಲಿಸಿದ ಜೋಡಿ ಅಲ್ಲ. ಯಾವ ನೃತ್ಯದ ಪಕ್ಕ ಯಾವುದನ್ನು ಇಟ್ಟರು ಅನ್ನುವುದು ಮುಖ್ಯ. ಆರಿಸಿದವರಿಗೆ ವೇಷದ ಒಳಗುಟ್ಟು ಗೊತ್ತಿತ್ತು ಅಂತಲೇ ನನ್ನ ನಂಬಿಕೆ.

ಹಳೇ ಕವರು

ಒಪ್ಪಿದೆ. ಚಿಟ್ಟಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಆ ಜೋಡಿ ನನ್ನಲ್ಲೂ ಇದೆ, ಇವತ್ತು ರಾತ್ರಿ ಲೆನ್ಸ್ ಹಿಡಿದು ಕೂರುತ್ತೇನೆ.

ಪೀಣ್ಯದಿಂದ

ಬೆಂಗಳೂರಿನವರಿಗೆ ಹತ್ತಿರದ್ದೊಂದು ಹೇಳುತ್ತೇನೆ. 2015ರಲ್ಲಿ ಫ್ರಾನ್ಸ್ ಜೊತೆ ಬಾಹ್ಯಾಕಾಶ ಸಹಕಾರದ 50 ವರ್ಷಕ್ಕೆ ಬಂದ ಜೋಡಿ. ಮೇಘಾ ಟ್ರೋಪಿಕ್ಸ್ ಮತ್ತು ಸರಳ್, ಎರಡೂ ಇಸ್ರೋ ಮತ್ತು ಫ್ರೆಂಚರು ಸೇರಿ ಮಾಡಿದ ಉಪಗ್ರಹಗಳು. ಮೇಘಾ ಟ್ರೋಪಿಕ್ಸ್ 2011ರ ಅಕ್ಟೋಬರ್‌ನಲ್ಲಿ ಹಾರಿತು, ಉಷ್ಣವಲಯದ ಮಳೆ ಮೋಡ ನೋಡಲಿಕ್ಕೆ. 2023ರ ಮಾರ್ಚ್ 7ಕ್ಕೆ ಅದನ್ನು ಹುಷಾರಾಗಿ ಕೆಳಗಿಳಿಸಿ ಪೆಸಿಫಿಕ್ ಸಾಗರದ ಮೇಲೆ ಉರಿದುಹೋಗುವಂತೆ ಮಾಡಿದರು. ಉಪಗ್ರಹ ಈಗಿಲ್ಲ, ಸ್ಟ್ಯಾಂಪ್ ನನ್ನ ಮೇಜಿನ ಮೇಲಿದೆ. ಇದರಲ್ಲಿ ‘ನಮ್ಮದು ಒಂದು, ನಿಮ್ಮದು ಒಂದು’ ಅಲ್ಲ, ಎರಡೂ ಇಬ್ಬರದ್ದು. ಅದಕ್ಕೇ ನನಗೆ ಇದು ಜಾಸ್ತಿ ಇಷ್ಟ.

ಇನ್ನೊಂದು ಆಸೆ ಇದೆ. ಇಸ್ರೇಲ್ ಜೊತೆ 2012ರಲ್ಲಿ ದೀಪಾವಳಿ, ಹನುಕ್ಕಾ ಹಬ್ಬದ ಜೋಡಿ ಬಂತು. ಎರಡೂ ದೀಪದ ಹಬ್ಬ, ಚೆನ್ನಾಗಿತ್ತು. ಮುಂದಿನ ಸಲ ಮೈಸೂರು ಲ್ಯಾನ್ಸರ್ಸ್ ಬರಲಿ. 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಊರನ್ನು ಗೆದ್ದದ್ದು ಜೋಧಪುರದ ಮತ್ತು ನಮ್ಮ ಮೈಸೂರಿನ ಕುದುರೆ ಸವಾರರು. ಒಂದರಲ್ಲಿ ಹೈಫಾದ ಕಾರ್ಮೆಲ್ ಬೆಟ್ಟ, ಇನ್ನೊಂದರಲ್ಲಿ ಈಟಿ ಹಿಡಿದ ಮೈಸೂರು ಸವಾರ. ಹಾಗೆ ಬಂದರೆ ಮೊದಲ ದಿನವೇ ಜಿಪಿಒ (ಪ್ರಧಾನ ಅಂಚೆ ಕಚೇರಿ) ಮುಂದೆ ಸಾಲಿನಲ್ಲಿ ನಿಲ್ಲುತ್ತೇನೆ.

ತುಂಗೆಯ ದಡ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಹಾಗೇ ಮಾಡಿದೆ. ಚಪಾತಿ ಡಬ್ಬಿ, ಪಾತ್ರೆ ಉಜ್ಜುವ ಹೊಸ ಸ್ಪಂಜ್, ಮೇಲೆ ತರಕಾರಿ ಬುಟ್ಟಿಯ ಜಾಲರಿ. ಮೂರನೇ ಗಂಟೆಗೆ ಒಂದು ಮೂಲೆ ಎದ್ದಿತು, ಐದನೇ ಗಂಟೆಗೆ ಹಾಳೆ ಪೂರ್ತಿ ಬಿಟ್ಟಿತು. ಜೋಡಿ ಜೋಡಿಯಾಗಿಯೇ ಬಂತು, ಒಂದು ಹಲ್ಲೂ ಹರಿಯಲಿಲ್ಲ. ಹಿಂದೆ ಗೋಂದು ಸ್ವಲ್ಪ ಮಾಸಿದೆ ಅಷ್ಟೇ. ತಮ್ಮನೇ ಚಿಮಟ ಹಿಡಿದಿದ್ದ.

ಅಜ್ಜ ಬರೆದ ಹಾಳೆಯ ಚೂರನ್ನು ಸ್ಟ್ಯಾಂಪಿನ ಜೊತೆಗೇ ಇಟ್ಟಿದ್ದೇನೆ. ಕೊರಿಯಾದ ಜೋಡಿ ಯಾರ ಹತ್ತಿರವಾದರೂ ಹೆಚ್ಚಿಗೆ ಇದ್ದರೆ ತಿಳಿಸಿ, ಕೊಂಡುಕೊಳ್ಳುತ್ತೇನೆ. ಅಜ್ಜನ ಡಬಲ್‌ಗಳೂ ಸುಮಾರು ಇವೆ, ಬೇಕಾದರೆ ಬದಲಾಯಿಸಿಕೊಳ್ಳೋಣ. ಫೋಟೋ ತೆಗೆದು ನಾಳೆ ಹಾಕುತ್ತೇನೆ, ಈಗ ಇಲ್ಲಿ ಕರೆಂಟಿಲ್ಲ.